ಕೆರೆಕಟ್ಟೆಯ ಹಳ್ಳಕ್ಕೆ ಹತ್ತು ರೂಪಾಯಿ

ಹಸಿರು ದಾರ, ಹೌದು, ಹಸಿರು ದಾರವೇ, ಮುಂದಿನ ಸೀಟಿನ ಹೆಂಗಸಿನ ಮಡಿಲಲ್ಲಿರುವ ಕಟ್ಟು ನಮ್ಮ ಅಂಗಡಿಯದು, ಶೃಂಗೇರಿಯಲ್ಲಿ ಚಾದರದ ಕಟ್ಟಿಗೆ ಹಸಿರು ದಾರ ಹಾಕುವವರು ನನ್ನ ಅಬ್ಬ ಒಬ್ಬರೇ – ಎಷ್ಟಕ್ಕೆ ಗಿಟ್ಟಿಸಿಕೊಂಡಿರಬಹುದು ಈಕೆ, ಗೆದ್ದ ಮುಖ, ಅಬ್ಬನ ಗಿರಾಕಿಗಳೆಲ್ಲ ಗೆದ್ದೆವು ಅಂದುಕೊಂಡೇ ಮನೆಗೆ ಹೋಗುತ್ತಾರೆ, ಅಬ್ಬನೂ ಗೆದ್ದೆ ಅಂದುಕೊಂಡೇ ಬಾಗಿಲು ಹಾಕುತ್ತಾರೆ, ಈ ಎರಡು ಗೆಲುವುಗಳ ಮೇಲೆ ನಾನು ಪರೀಕ್ಷೆಯಲ್ಲಿ ಹನ್ನೆರಡು ಪುಟ ಬರೆದಿದ್ದೆ, ಚಿತ್ರ ಸಮೇತ, ಆದರೂ ಕಣ್ಣೆದುರು ಬಂದಾಗ ಗುರುತು ಹಿಡಿಯಲಿಲ್ಲ, ದಡ್ಡಿ, ಅಬ್ದುಲ್ ವಹಾಬರ ಮಗಳು ಸಬೀಹಾ, ಪರಿಸರ ಅರ್ಥಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಿರುವ ಮಹಾ ದಡ್ಡಿ – ನಗು ಬರುತ್ತಿದೆ, ಕಂಡಕ್ಟರ್ ನೋಡುತ್ತಿದ್ದಾನೆ, ನೋಡಲಿ, ನೆಮ್ಮಾರ್ ದಾಟಿತು, ಇನ್ನು ಸ್ವಲ್ಪ ಹೊತ್ತಿಗೆ ಕೆರೆಕಟ್ಟೆ, ಚೀಲದಲ್ಲಿ ನಲವತ್ತೊಂದು ಖಾಲಿ ಪ್ರಶ್ನಾವಳಿ ಇದೆ, ಏಳು ತಿಂಗಳ ಹಿಂದೆಯೂ ಇದೇ ಬಸ್ಸಿನಲ್ಲಿ ಅಷ್ಟನ್ನೇ ಹೊತ್ತು ಬಂದಿದ್ದೆ, ಆಗ ಮುಖ ಎಷ್ಟು ಗಂಭೀರವಾಗಿತ್ತು, ಪ್ರಶ್ನೆಯೂ ಅಷ್ಟೇ ಗಂಭೀರ, ಈ ಹಳ್ಳ ಹೀಗೇ ಹರಿಯುತ್ತಿರಲು, ಅದರ ಮೇಲಿನ ಕಾಡು ಹಾಗೇ ಉಳಿಯಲು, ನಿಮ್ಮ ಮನೆಯಿಂದ ವರ್ಷಕ್ಕೆ ಎಷ್ಟು ಕೊಡುತ್ತೀರಿ, ಅಷ್ಟೇ, ನೀವಾಗಿ ಯಾವ ಮೊತ್ತವನ್ನೂ ಮೊದಲು ಹೇಳಬೇಡಿ, ಹೇಳಿದರೆ ಜನ ಅದಕ್ಕೇ ಜೋತುಬೀಳುತ್ತಾರೆ ಎಂದು ಪುಸ್ತಕ ಹೇಳಿತ್ತು, ನಾನು ಬಾಯಿ ಬಿಡಲಿಲ್ಲ, ಮೊದಲ ಮನೆಯ ವೆಂಕಮ್ಮ ಎಲೆಯಡಿಕೆ ಒಂದು ಕೆನ್ನೆಗೆ ಸರಿಸಿ ಹತ್ತು ರೂಪಾಯಿ ಅಂದರು, ಪಕ್ಕದ ಮನೆಯ ಮಂಜಯ್ಯ ಐದು, ಒಬ್ಬರಂತೂ ಎರಡು, ಎಲ್ಲವನ್ನೂ ಬರೆದುಕೊಂಡೆ, ಥ್ಯಾಂಕ್ಸ್ ಹೇಳಿದೆ, ಎದ್ದು ಬಂದೆ, ಪ್ರತಿ ಮನೆಯವರೂ ನನ್ನ ಜೊತೆ ಜಗಲಿಯಿಂದ ಇಳಿದು ಒಂದು ಕಾಲು ಮೆಟ್ಟಿಲ ಮೇಲೆ, ಒಂದು ಕಾಲು ಅಂಗಳದಲ್ಲಿ ಇಟ್ಟು ನಿಂತರು, ನಾನು ಟಿಪ್ಪಣಿ ಪುಸ್ತಕದಲ್ಲಿ ಬರೆದೆ, ಕೆರೆಕಟ್ಟೆಯವರು ತುಂಬಾ ಮರ್ಯಾದಸ್ಥರು, ಮೆಟ್ಟಿಲವರೆಗೂ ಬಂದು ಬೀಳ್ಕೊಡುತ್ತಾರೆ. ಆ ಸಾಲಿನ ಕೆಳಗೆ ಗೆರೆ ಬೇರೆ ಎಳೆದಿದ್ದೆ.

ಅದೇ ಪ್ರಶ್ನೆಗೆ ಕೊಪ್ಪದ ಆಚೆ ಮೇಗುಂದದಲ್ಲಿ ನಾನೂರು, ಐನೂರು ಅಂದಿದ್ದರು, ಅದೂ ಇಂಥದೇ ಹಳ್ಳ, ಇಂಥವೇ ಮನೆಗಳು, ಆದಾಯ ಹೋಲಿಸಿದೆ, ಓದು ಹೋಲಿಸಿದೆ, ಮನೆಯಿಂದ ಹಳ್ಳಕ್ಕೆ ಎಷ್ಟು ಮಾರು ಎಂದು ಅಳೆದೆ, ಕಂಪ್ಯೂಟರ್ ಪ್ರತಿ ಸಲವೂ ಅದನ್ನೇ ಹೇಳಿತು, ಕೆರೆಕಟ್ಟೆಯವರಿಗೆ ಹಳ್ಳ ಬೇಕಾಗಿಲ್ಲ – ನಿದ್ದೆ ಕೆಟ್ಟಿತು, ಯಾಕೆಂದರೆ ಹಳ್ಳದ ನೀರನ್ನು ಹೊಸ ರೆಸಾರ್ಟಿಗೆ ಪೈಪಿನಲ್ಲಿ ಒಯ್ಯಬಹುದೇ ಎಂದು ತೀರ್ಮಾನಿಸುವ ಸಮಿತಿ ನನ್ನ ವರದಿಯನ್ನೂ ಕೇಳಿದೆ, ಮನೆಗೆ ಹತ್ತು ರೂಪಾಯಿ ಎಂದು ಬರೆದುಕೊಟ್ಟರೆ ಪೈಪು ಬಂದ ಹಾಗೆಯೇ, ಹಳ್ಳವನ್ನು ನಾನೇ ಕೈಯಾರೆ ಮಾರಿದ ಹಾಗೆ, ಆದರೆ ಬಂದ ಅಂಕಿಯನ್ನು ತಿದ್ದುವುದು ಹೇಗೆ, ತಿದ್ದಬಾರದು, ಮುಂದಿನ ಶುಕ್ರವಾರ ಕೊನೆಯ ದಿನ – ಅಂಥ ಹೊತ್ತಿನಲ್ಲಿ ಮೊನ್ನೆ ಅಂಗಡಿಗೆ ವೆಂಕಮ್ಮ ಬಂದರು, ನಾನು ಚಾದರದ ರಾಶಿಯ ಹಿಂದೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದೆ, ಎಷ್ಟು ಸಾಯಿಬ್ರೆ ಇದು, ಒಂಬೈನೂರು ವೆಂಕಮ್ಮ, ನಿಮ್ಗೆ ಅಂತ ಹೇಳಿದ್ದು, ಇನ್ನೂರು ಕೊಡ್ತೀನಿ, ಅಬ್ಬ ಎದೆ ಹಿಡಿದುಕೊಂಡರು, ಮೂವತ್ತು ವರ್ಷದಿಂದ ಹಿಡಿದುಕೊಳ್ಳುತ್ತಿದ್ದಾರೆ, ವೆಂಕಮ್ಮ ಹಂಗಾರೆ ಬ್ಯಾಡ ಬಿಡಿ ಎಂದು ಹೊರಟರು, ಅಂಗಡಿಯ ಮೆಟ್ಟಿಲಿಳಿದರು, ಕೊನೆಯ ಮೆಟ್ಟಿಲಲ್ಲಿ ನಿಂತರು, ಒಂದು ಕಾಲು ಮೆಟ್ಟಿಲ ಮೇಲೆ, ಒಂದು ಕಾಲು ರಸ್ತೆಯಲ್ಲಿ, ತಿರುಗಿ ನೋಡಲಿಲ್ಲ, ಕಿವಿ ಮಾತ್ರ ಈ ಕಡೆಗಿತ್ತು, ಅಬ್ಬ ಆರಾಮಾಗಿ ಚಾದರ ಮಡಿಸಿದರು, ಆಯ್ತು ಬನ್ನಿ ವೆಂಕಮ್ಮ, ನಿಮ್ಮ ಮಾತೂ ಬೇಡ ನನ್ನ ಮಾತೂ ಬೇಡ – ನಾನು ರಾಶಿಯ ಹಿಂದಿನಿಂದ ತಲೆಯೆತ್ತಿ ನಕ್ಕೆ, ಇನ್ನೂರಕ್ಕೆ ಯಾರಾದ್ರೂ ಕೊಡ್ತಾರಾ ವೆಂಕಮ್ಮ, ಅವರು ನನ್ನನ್ನು ನೋಡಿದರು, ಮುಖ ಕೆಂಪಾಯಿತು, ಇನ್ನೂರಕ್ಕೆ ತಗಳಕ್ಕೆ ಅಂತ ಯಾರು ಹೇಳಿದ್ರೇ, ಅದು ಮಾತು ಶುರು ಮಾಡಕ್ಕೆ, ನೀನೊಬ್ಳು ಮಾರಾಯ್ತಿ, ಅವತ್ತು ಹಳ್ಳಕ್ಕೆ ಹತ್ತು ಅಂದ್ರೆ ಹತ್ತೂಂತ ಬರ್ಕಂಡು ಹೋಗೇಬಿಟ್ಯಲ್ಲ, ಹಿಂದೆನೇ ಇಳ್ದು ಮೆಟ್ಲಲ್ಲಿ ನಿಂತಿದ್ದೇ ಬಂತು, ನೀನು ನಿನ್ನ ರೇಟು ಹೇಳ್ಲೂ ಇಲ್ಲ, ಕರೀಲೂ ಇಲ್ಲ, ಎಂತ ಅಂಗಡಿಯವ್ರ ಮಗಳೇ ನೀನು. ಅಬ್ಬನ ಕೈಯಿಂದ ಚಾದರ ಜಾರಿ ನೆಲಕ್ಕೆ ಬಿತ್ತು.

ನಲವತ್ತೊಂದು ಮನೆಗಳೂ ಅಬ್ಬನ ಗಿರಾಕಿಗಳು, ವಹಾಬರ ಮಗಳು ಜಗಲಿಗೆ ಬಂದು ಎಷ್ಟು ಕೊಡುತ್ತೀರಿ ಎಂದರೆ ಅವರು ಇನ್ನೇನು ಮಾಡಿಯಾರು, ತಳದಿಂದಲೇ ಶುರು ಮಾಡಿದರು, ನಾನು ಏರಿಸುತ್ತೇನೆಂದು ಕಾದರು, ಮೇಗುಂದದಲ್ಲಿ ನನ್ನ ಗುರುತಿರಲಿಲ್ಲ, ಅಲ್ಲಿಯವರು ನಿಜ ಹೇಳಿದರು – ಗೈಡ್ ಶ್ರೀರಂಜನಿ ಮೇಡಂಗೆ ಫೋನ್ ಮಾಡಿ ಹೇಳಿದಾಗ ಅವರು ನಕ್ಕು ನಕ್ಕು ಕೆಮ್ಮಿದರು, ಏಳು ತಿಂಗಳಿಂದ ಇಡೀ ಊರು ಮೆಟ್ಟಿಲ ಮೇಲೆ ನಿಂತಿದೆಯೇನೇ, ಹೋಗು, ಚೌಕಾಸಿಯನ್ನೇ ವಿಧಾನ ಅಂತ ಬರಿ, ಎಲ್ಲ ಮನೇಲೂ ಒಂದೇ ಬೆಲೆಯಿಂದ ಶುರು ಮಾಡು, ಮೇಗುಂದಕ್ಕೂ ಹಾಗೇ ಇನ್ನೊಂದು ಸಲ ಹೋಗಿ ಬಾ – ಇವತ್ತು ಬೆಳಿಗ್ಗೆ ಅಬ್ಬ ಬಸ್‌ಸ್ಟ್ಯಾಂಡಿಗೇ ಬಂದಿದ್ದರು, ಬೇಟಿ, ಬೆಲೆ ದೊಡ್ಡದಾಗಿ ಹೇಳು, ಹೇಳುವಾಗ ನಗಬೇಡ, ಅಷ್ಟೇ, ನನಗೆ ಪಿಎಚ್.ಡಿ. ಕಲಿಸುತ್ತಿರುವ ಅಬ್ಬನ ಎದೆ ಎಷ್ಟು ಉಬ್ಬಿತ್ತು, ನನಗೂ ಖುಷಿ, ತಡೆಯಲಾರದ ಖುಷಿ, ಅಂಕಿಗಳು ಸುಳ್ಳು ಹೇಳಿರಲಿಲ್ಲ, ಮಾತು ಮುಗಿದೇ ಇರಲಿಲ್ಲ – ಇಳಿದೆ, ಹಳ್ಳದ ಸದ್ದು, ಅದನ್ನು ದಾಟುವ ಮರದ ಸಂಕ, ವೆಂಕಮ್ಮನ ಜಗಲಿ, ಬಂದ್ಯಾ, ಕೂರು, ಕಾಫಿ, ಮೊನ್ನೆಯ ಚಾದರ ಹಗ್ಗದ ಮೇಲೆ ಬಿಸಿಲು ಕಾಯುತ್ತಿದೆ, ನಗಬಾರದು, ನಗಬಾರದು, ವೆಂಕಮ್ಮ, ಹಳ್ಳಕ್ಕೆ ವರ್ಷಕ್ಕೆ ಎರಡು ಸಾವಿರ, ಅಯ್ಯಬ್ಬ, ಈಗ ಸಾಯಿಬ್ರ ಮಗಳು ಹೌದು ನೋಡು, ಕಣ್ಣು ಮಿಂಚಿತು, ನೂರು, ಆಗಲ್ಲ ವೆಂಕಮ್ಮ, ಸಾವಿರದ ಎಂಟುನೂರು, ಮುನ್ನೂರು, ಮತ್ತೆ ಹಳ್ಳದ ಕೆಲಸಕ್ಕೆ ಮನೆಯಿಂದ ಒಂದಾಳು, ಸಾವಿರದ ಐನೂರು, ಆರುನೂರು, ಎರಡಾಳು, ಇನ್ನು ಒಂದು ರೂಪಾಯಿ ಇಲ್ಲ, ಹಂಗಾರೆ ಬ್ಯಾಡ ಬಿಡು – ಎದ್ದೇಬಿಟ್ಟರು, ನನ್ನನ್ನು ಜಗಲಿಯಲ್ಲಿ ಕೂರಿಸಿ ತಮ್ಮದೇ ಮನೆಯಿಂದ ಹೊರಟರು, ಸೆರಗು ಸೊಂಟಕ್ಕೆ ಸಿಕ್ಕಿಸಿ ಇಳಿದರು, ಒಂದು ಮೆಟ್ಟಿಲು, ಎರಡು, ಈಗ ಕರೆಯಬೇಕು, ಬಾಯಿ ತೆರೆದಿದ್ದೇನೆ, ಅವರು ತಿರುಗುವುದಿಲ್ಲ, ಕಾಯುತ್ತಾರೆ, ಏಳು ತಿಂಗಳು ಕಾದವರು, ಅವರ ಮುಂದೆ ಹಳ್ಳ ಹರಿಯುತ್ತಿದೆ, ಕಿವಿ ನನ್ನ ಕಡೆಗಿದೆ, ಒಂದು ಕಾಲು ಅಂಗಳದಲ್ಲಿ, ಒಂದು ಕಾಲು ಮೆಟ್ಟಿಲ ಮೇಲೆ