ಬಾಯಿಕುಕ್ಕೆ

"ಇನ್ನ ಯಾಕವ್ವ ಆ ಕುಕ್ಕಿ? ಬಿಚ್ಚಿ ಒಗಿ," ಎಂದ ಮಲಕಾಜಪ್ಪ.

ಸೊಸೆ ಸುಗಲಾಬಾಯಿ ಸೆರಗು ಮುಂದಕ್ಕೆಳೆದುಕೊಂಡಳೇ ಹೊರತು ನಾಯಿ ಕೆಂಚನ ಕಿವಿಯ ಹಿಂದಿನ ಗಂಟಿಗೆ ಕೈ ಹಚ್ಚಲಿಲ್ಲ. ಅದು ಕರುವಿನ ಮೂತಿಗೆ ಕಟ್ಟುತ್ತಿದ್ದ ಹುರಿಯ ಬಲೆ, ಹಳೆಯ ಬಾಯಿಕುಕ್ಕೆ. ನಾಯಿ ಬಾಯಿ ತೆರೆದು ತೇಕಬೇಕು, ನೀರು ನೆಕ್ಕಬೇಕು ಎಂದು ಅವಳೇ ಅದನ್ನು ಬಿಚ್ಚಿ ಮತ್ತೆ ಅಗಲವಾಗಿ ಹೆಣೆದಿದ್ದಳು. ಒಳಗೆ ರೊಟ್ಟಿಯ ಚೂರು ಇಟ್ಟು, ಕೆಂಚ ತಾನಾಗಿ ಮೂತಿ ತೂರಿಸುವವರೆಗೂ ಕಾದು, ಆಮೇಲೆ ಕಟ್ಟುತ್ತಿದ್ದಳು.

ಸುಗ್ಗಿಗೆ ಮುಂಚೆ ಕೆಂಚ ಬದುವಿನ ಮೇಲೆ ಬರುತ್ತಿದ್ದ ಪಕ್ಕದ ಹೊಲದ ಅಣ್ಣಾರಾಯನ ಮೀನಖಂಡ ಕಚ್ಚಿತ್ತು. "ಇನ್ನೊಮ್ಮಿ ಯಾರಿಗರ ಹಲ್ಲು ಹಚ್ಚಲಿ, ಅಕ್ಕಲಕೋಟದಿಂದ ಸಿಪಾಯಿ ಕರಸಿ ಗುಂಡು ಹಾಕಸ್ತೀನಿ," ಎಂದಿದ್ದ ಅವನು. ಮಂದಿಯ ನಡುವೆ ಇದ್ದರೆ ಪಳಗೀತು ಎಂದು ಸುಗಲಾಬಾಯಿ ಅದನ್ನು ದಿನಾ ಕಣದಂಚಿನ ಬಂಡಿಯ ನೆರಳಿಗೆ ತಂದು, ಹಗ್ಗ ಕೈಯಲ್ಲೇ ಹಿಡಿದು ಕೂರುತ್ತಿದ್ದಳು.

ಕಣದ ನಡುಗಂಬ ಮೇಟಿಯ ಸುತ್ತ ಎತ್ತುಗಳು ತಿರುಗುತ್ತಿದ್ದವು. ಅವುಗಳ ಬಾಯಿಗೂ ಕುಕ್ಕೆ. ಆಳುಗಳು ಹಾದುಹೋದರೂ ಕೆಂಚ ಗುರ್ ಎನ್ನಲಿಲ್ಲ. ಅಣ್ಣಾರಾಯನೇ ಬಂದು ಕೂತು ಎಲೆಅಡಿಕೆ ಹಾಕಿಕೊಂಡ. ಕೆಂಚ ಅವನ ಬರಿಗಾಲು ಮೂಸಿ ತಲೆ ಕೆಳಗಿಟ್ಟಿತು. ಸುಗಲಾಬಾಯಿಗೆ ಅದೇ ಸಂಶಯ. ಹಾದಿಯಲ್ಲಿ ಯಾರು ಎದುರಾದರೂ ಕೂದಲು ನಿಗುರಿಸುವ ನಾಯಿ ಇಲ್ಲಿಗೆ ಬಂದೊಡನೆ ಸಾಧು ಆಗುವುದೆಂದರೇನು?

"ಇಷ್ಟ ಲಗೂನ ಹೆಂಗ ಸುಧಾರಸ್ತದರಿ ಮಾವಾರ? ಇರ್ಲಿ ಇನ್ನಷ್ಟು ದಿನ."

"ಕಾಕಾ, ನಿಮ್ಮ ಸೊಸಿಗಿ ನಾಯಿ ಮ್ಯಾಲೂ ವಿಶ್ವಾಸ ಇಲ್ಲ, ಮಂದಿ ಮ್ಯಾಲೂ ಇಲ್ಲ. ನಾಳಿ ನಿಮಗೂ ಒಂದು ಕುಕ್ಕಿ ಹೆಣದಾಳು," ಎಂದು ಅಣ್ಣಾರಾಯ ನಗುತ್ತ ಎದ್ದ.

ಕಣದೊಳಗೆ ಯಾರೂ ಕೆರ ಮೆಟ್ಟುವುದಿಲ್ಲ. ರಾಶಿಯ ಲಕ್ಷ್ಮಿ ಮುನಿಯುತ್ತಾಳೆ. ಎಲ್ಲರ ಕೆರಗಳೂ ಬಂಡಿಯಾಚೆಯ ಜಾಲಿಯ ಬುಡದಲ್ಲಿದ್ದವು. ಅಣ್ಣಾರಾಯ ತನ್ನವನ್ನು ಮೆಟ್ಟಿ ಹೆಜ್ಜೆ ಇಟ್ಟ. ಹೊಸ ತೊಗಲು ಕರ್ ಎಂದಿತು.

ಸುಗಲಾಬಾಯಿಯ ಅಂಗೈಯನ್ನು ಹಗ್ಗ ಉಜ್ಜಿಕೊಂಡು ಹೋಯಿತು. ಕೆಂಚನ ಮೂತಿ ಅವನ ಮೀನಖಂಡಕ್ಕೆ ಬಡಿದು, ಅಣ್ಣಾರಾಯ ಕೂಳೆಯ ಮೇಲೆ ಬಿದ್ದ. ಅವಳು ಹಗ್ಗ ಬಿಗಿಹಿಡಿದು ನಾಯಿಯನ್ನು ಹಿಂದಕ್ಕೆಳೆದಳು.

"ಹಲ್ಲು ಹತ್ಯಾವೇನ್ರಿ?"

ಅವನು ಕಾಲು ಸವರಿ ನೋಡಿಕೊಂಡ. ಬರೀ ಜೊಲ್ಲು. "ಇಲ್ಲ. ಕುಕ್ಕಿ ಇತ್ತು, ಅದಕ್ಕ ನಾ ಉಳದೀನಿ. ಅದೂ ಉಳೀತು. ರಾಶಿ ಮುಗಿಯೂತನಕ ನೋಡ್ತೀನಿ, ಅಷ್ಟ."

ಅವನು ಹೋದ ಮೇಲೆ ಅವಳು ಜಾಲಿಯ ಬುಡ ನೋಡುತ್ತ ನಿಂತಳು. ಅಲ್ಲಿ ಮಾವನ ಕೆರಗಳೂ ಇದ್ದವು. ದಪ್ಪ ಅಟ್ಟೆಯವು, ನಡೆದರೆ ಅವೂ ಕರ್ ಎನ್ನುವಂಥವು. ಮಾವ ಹೊಲಕ್ಕೆ ಬರುತ್ತಿದ್ದುದೇ ಸುಗ್ಗಿಗೆ. ಹೊಲದಲ್ಲೇ ಬೆಳೆದ ಕೆಂಚ ಹೋದ ಸುಗ್ಗಿಯಲ್ಲಿ ಇನ್ನೂ ಮರಿ.

"ಮರಿ ಇದ್ದಾಗ ಯಾರರ ಕೆರದಲೆ ಹೊಡದಿರಬೇಕು," ಎಂದ ಮಲಕಾಜಪ್ಪ, ಯಾರೂ ಕೇಳದೆ.

ಅವಳು ಒಮ್ಮೆ ಆ ಕೆರಗಳನ್ನು, ಒಮ್ಮೆ ಮಾವನ ಬರಿಗಾಲನ್ನು ನೋಡಿದಳು.

ಮರುದಿನ ಆಳುಗಳು ಬರುವ ಮುಂಚೆ ಅವಳು ಕೆಂಚನಿಗೆ ಕುಕ್ಕೆ ಕಟ್ಟಿ ಜಾಲಿಯ ಹತ್ತಿರ ನಿಂತಿದ್ದಳು. ಮದುವೆಯಾಗಿ ಬಂದಂದಿನಿಂದ ಹಿರಿಯರೆದುರು ಕೆರ ಮೆಟ್ಟದವಳ ಕಾಲಲ್ಲಿ ಮಾವನ ಕೆರಗಳಿದ್ದವು. ಹಿಮ್ಮಡಿ ಮೆಲ್ಲಗೆ ಒತ್ತಿದಳು. ಕರ್ ಎಂದಿತು. ಕೆಂಚ ನಡುಗಿತು. ಕುಕ್ಕೆಯ ಕಂಡಿಯಲ್ಲಿ ರೊಟ್ಟಿಯ ಚೂರು ತೂರಿಸಿ, ಅದು ನುಂಗುವವರೆಗೂ ಕಾದು, ಮತ್ತೆ ಒತ್ತಿದಳು.

ಕಣದ ಅಂಚಿನಲ್ಲಿ ಮಲಕಾಜಪ್ಪ ಬರಿಗಾಲಲ್ಲಿ ನಿಂತು, ತನ್ನ ಕೆರಗಳಿಗಾಗಿ ಕಾಯುತ್ತಿದ್ದ.