ಮುತ್ತಣ್ಣನ ಕಿವಿ

"ಇನ್ನೊಂದು ತಂಬಗಿ ಬಿಸಿನೀರು ಸುರೀ ಅಕ್ಕಾ," ಎಂದ ಬಸಲಿಂಗ, ಮುತ್ತಣ್ಣನ ಮೊಣಕಾಲನ್ನು ಎರಡೂ ಕೈಯಲ್ಲಿ ಹಿಡಿದು ಮಡಚಲು ನೋಡಿದ. ಎರಡು ದಿನ ಆಸ್ಪತ್ರೆಯ ಶೀತಪೆಟ್ಟಿಗೆಯಲ್ಲಿ ಚಾಚಿ ಮಲಗಿದ್ದ ಕಾಲು ಜಪ್ಪಯ್ಯ ಅಂದರೂ ಮಡಚಲಿಲ್ಲ. ಲಿಂಗವಂತರ ಹೆಣ, ಕೂಡಿಸಿಯೇ ಮಣ್ಣು ಮಾಡಬೇಕು. ಉಸಿರು ಹೋದ ಗಳಿಗೆಯಲ್ಲೇ ಚಕ್ಕಳಮಕ್ಕಳ ಹಾಕಿಸಿ ಗೋಡೆಗೆ ಒರಗಿಸಬೇಕಿತ್ತು. ಪೊಲೀಸರಿಗೆ, ಪೋಸ್ಟ್‌ಮಾರ್ಟಂ ಮಾಡುವವರಿಗೆ ಅದೆಲ್ಲ ಎಲ್ಲಿಂದ ಗೊತ್ತಿರಬೇಕು?

ಬಾಗಿಲಲ್ಲಿ ನಿಂತಿದ್ದ ಮನೆ ಮಾಲೀಕ ವೆಂಕಟೇಶಪ್ಪನಿಗೆ ನೋಡಲಾಗಲಿಲ್ಲ. "ಯಾಕಪ್ಪಾ ಇಂಗೆ ಕಷ್ಟ ಪಡ್ತೀರಾ? ನಮ್ ಕಡೆ ಮಲಗ್ಸೇ ಮಾಡೋದು. ಅಂಗೇ ಮಾಡ್ಬಿಡಿ, ಯಾರೂ ಏನೂ ಅನ್ನಕಿಲ್ಲ." ಕೆಟ್ಟ ಮನುಷ್ಯನಲ್ಲ. ಮುತ್ತಣ್ಣನ ಊರು ಕುಷ್ಟಗಿಯವರೆಗೆ ಮೂರನೇ ದಿನದ ಹೆಣ ಒಯ್ಯುವುದು ಆಗದ ಮಾತೆಂದಾಗ, ಊರವರ ಕೈಕಾಲು ಹಿಡಿದು ಬೊಮ್ಮಸಂದ್ರದ ಸ್ಮಶಾನದಲ್ಲಿ ಜಾಗ ಕೊಡಿಸಿದವನೇ ಅವನು.

"ಬ್ಯಾಡ್ರಿ ಮಾಲಕ್ರ," ಎಂದಳು ಮುತ್ತಣ್ಣನ ಹೆಂಡತಿ ಮಹಾದೇವಿ. "ಮಲಗಿಸಿ ಮಣ್ಣು ಮಾಡಿದ್ರ, ಕುಡದು ಬಿದ್ದಾನ ಅಂದವರ ಮಾತು ಖರೆ ಆದಂಗ ಆಗ್ತೈತಿ."

ವೆಂಕಟೇಶಪ್ಪ ನೆಲ ನೋಡಿದ. ಹಾಗೆ ಅಂದವರಲ್ಲಿ ಅವನೂ ಒಬ್ಬ. ಮೊನ್ನೆ ಮಧ್ಯಾಹ್ನ ಮೊದಲ ಪಾಳಿ ಬಿಟ್ಟಾಗ, ಕಂಪನಿಯ ಗೇಟಿನ ಹೊರಗೆ ನೀರಿನ ಟ್ಯಾಂಕರೊಂದು ಹಿಂದಕ್ಕೆ ಬರುತ್ತಿತ್ತು. ಅದರ ಕ್ಲೀನರ್ ಕೂಗಿದ, ಡ್ರೈವರ್ ಹಾರ್ನ್ ಒತ್ತಿದ, ವಾಚ್‌ಮನ್ ಸೀಟಿ ಊದಿದ. ಮುತ್ತಣ್ಣ ತಿರುಗಿ ಸಹ ನೋಡಲಿಲ್ಲ, ಟ್ಯಾಂಕರು ಬಡಿದು ಅಲ್ಲೇ ಸತ್ತ. ಪಂಚನಾಮೆಯಲ್ಲಿ ಪೊಲೀಸರು 'ಮೃತನ ಬಟ್ಟೆಯಿಂದ ಮದ್ಯದ ವಾಸನೆ ಬರುತ್ತಿತ್ತು' ಎಂದು ಬರೆದರು. ವಾಸನೆ ಇದ್ದದ್ದು ನಿಜ. ದಿನಕ್ಕೆ ಎಂಟು ತಾಸು ಸ್ಪಿರಿಟ್ಟಿನಲ್ಲಿ ಎಲೆಪುಡಿ ಕಲಸುವವನ ಅಂಗಿ ಮಲ್ಲಿಗೆಯಂತೆ ಘಮಘಮಿಸೀತೆ? ನಲವತ್ತೆರಡು ವರ್ಷ ಒಂದು ಹನಿ ಮುಟ್ಟದ ಮನುಷ್ಯ ಒಂದೇ ಮಧ್ಯಾಹ್ನದಲ್ಲಿ ಬೀದಿಗೆಲ್ಲ ಕುಡುಕನಾದ.

ವೆಂಕಟೇಶಪ್ಪ ಅತ್ತ ಸರಿದ ಮೇಲೆ ಮಹಾದೇವಿ ತಂಬಿಗೆ ಕೆಳಗಿಟ್ಟಳು. "ಬಸಣ್ಣಾ, ಅವರಿಗೆ ಕಿವಿ ಕೇಳ್ತಿದ್ದಿಲ್ಲ ಅನ್ನೂದು ಕಂಪನ್ಯಾಗ ನಿನಗೊಬ್ಬಂಗ ಗೊತ್ತೈತಿ. ಸಾಹೇಬ್ರು ಬರ್ತಾರಂತ. ಎಲ್ಲಾರ ಮುಂದ ಅದೊಂದು ಮಾತು ಹೇಳು. ನನಗ ಬ್ಯಾರೆ ಏನೂ ಬ್ಯಾಡ. ಕುಡಕ ಅನ್ನಿಸ್ಕೊಂಡು ಮಣ್ಣಿಗೆ ಹೋಗೂದು ಬ್ಯಾಡ."

"ಹೇಳ್ತೇನಿ ಅಕ್ಕಾ," ಎಂದ ಬಸಲಿಂಗ. ಆಗಲೇ ಕಾಲು ಲಟಕ್ಕನೆ ಮಡಚಿತು.

*

ಮುತ್ತಣ್ಣ ನಡೆಸುತ್ತಿದ್ದ ಮಷೀನು ಕಂಪನಿಗೆ ಬಂದದ್ದು ಎರಡು ಸಾವಿರದ ಎಂಟರಲ್ಲಿ. ಅದಕ್ಕೆ ಮೊದಲು ಸಕ್ಕರೆ ಕಾಯಿಲೆಯ ಮಾತ್ರೆಗೆಂದು ಮಧುನಾಶಿನಿ ಎಲೆಯನ್ನು ಹಂಡೆಯಲ್ಲಿ ಆರು ತಾಸು ಕುದಿಸಿ ಸತ್ವ ತೆಗೆಯುತ್ತಿದ್ದರು. ಹೊಸ ಮಷೀನಿಗೆ ಅರ್ಧ ತಾಸು ಸಾಕು. ಎಲೆಪುಡಿಯನ್ನು ನೀರು, ಸ್ಪಿರಿಟ್ಟಿನಲ್ಲಿ ಕಲಸಿ ಸ್ಟೀಲಿನ ತೊಟ್ಟಿಗೆ ಸುರಿಯುವುದು, ಮೇಲಿನಿಂದ ಲೋಹದ ಕೋಲೊಂದನ್ನು ಇಳಿಬಿಡುವುದು, ಸ್ವಿಚ್ಚು ಒತ್ತುವುದು. ಕೋಲು ಸೆಕೆಂಡಿಗೆ ಇಪ್ಪತ್ತು ಸಾವಿರ ಸಲ ನಡುಗುತ್ತದೆ. ಆ ನಡುಕಕ್ಕೆ ಕಣ್ಣಿಗೆ ಕಾಣದ ಗುಳ್ಳೆಗಳೆದ್ದು, ಒಡೆದು, ಎಲೆಯ ಒಡಲನ್ನೇ ಸೀಳಿ ಒಳಗಿದ್ದದ್ದನ್ನೆಲ್ಲ ಹೊರಗೆ ಹಾಕುತ್ತವೆ.

"ಇದು ಮನುಷ್ಯನ ಕಿವಿಗೆ ಕೇಳಿಸದ ಶಬ್ದ," ಎಂದು ಮಷೀನು ಜೋಡಿಸಲು ಬಂದ ಎಂಜಿನಿಯರ್ ಹೇಳಿಹೋದ. ಕೇಳಿಸದ ಶಬ್ದ ಕಿವಿಗೆ ಏನು ಮಾಡೀತು ಎಂದು ಎಲ್ಲರೂ ನಂಬಿದರು. ಆದರೆ ಶಬ್ದ ಸುಮ್ಮನಿದ್ದರೂ ತೊಟ್ಟಿ ಸುಮ್ಮನಿರಬೇಕಲ್ಲ! ಗಾರೆ ನೆಲದ ಮೇಲೆ ತಗಡು ಎಳೆದ ಹಾಗೆ ಇಡೀ ಪಾಳಿ ಕಿರುಚುತ್ತಿತ್ತು. ಸದ್ದು ತಡೆಯಲು ದಪ್ಪನೆಯ ಪೆಟ್ಟಿಗೆಯೊಂದು ಮಷೀನಿನ ಜೊತೆಗೇ ಬಂದಿತ್ತು. ಅದರ ಬಾಗಿಲು ತೆಗೆದು ಹಾಕುವುದರಲ್ಲಿ ದಿನಕ್ಕೆ ಎರಡು ತೊಟ್ಟಿ ಮಾಲು ಕಡಿಮೆಯಾಗುತ್ತದೆಂದು ತಿಂಗಳೊಳಗೆ ಬಿಚ್ಚಿ ಗೋಡೌನಿಗೆ ಹಾಕಿದರು. ಮುತ್ತಣ್ಣ ಕಿವಿಗೆ ಹತ್ತಿ ತುರುಕಿಕೊಂಡ.

ಮೊದಮೊದಲು ಮನೆಯಲ್ಲಿ ನಗೆಯೋ ನಗೆ. ಮಧುನಾಶಿನಿಯ ಧೂಳು ನಾಲಿಗೆಗೆ ಹತ್ತಿದರೆ ಸಿಹಿ ತಿಳಿಯುವುದಿಲ್ಲ. "ಚಾಕ್ಕ ಸಕ್ರಿ ಹಾಕೀ ಇಲ್ಲೋ?" ಎಂದು ಅವನು, "ಮೂರು ಚಮಚಾ ಹಾಕೇನಿ" ಎಂದು ಅವಳು, "ಏನಂದಿ?" ಎಂದು ಮತ್ತೆ ಅವನು. ಮೂರು ವರ್ಷದಲ್ಲಿ ನಗೆ ಹೋಗಿ 'ಏನಂದಿ' ಮಾತ್ರ ಉಳಿಯಿತು. ಮಗಳು ಭಾಗ್ಯಶ್ರೀ ಅಪ್ಪನಿಗೆ ಏನಾದರೂ ಹೇಳಬೇಕಾದರೆ ಮೊದಲು ತೋಳು ಜಗ್ಗುವುದನ್ನು ರೂಢಿ ಮಾಡಿಕೊಂಡಳು. ಆಮೇಲಾಮೇಲೆ ಹೇಳುವುದನ್ನೇ ಕಡಿಮೆ ಮಾಡಿದಳು. ಅದು ಮುತ್ತಣ್ಣನಿಗೆ ಗೊತ್ತಾಗುತ್ತಿತ್ತು, ಸಂಕಟವೂ ಆಗುತ್ತಿತ್ತು.

*

ಹನ್ನೊಂದಕ್ಕೆ ಕಂಪನಿಯ ಎಚ್‌ಆರ್ ವಿನಾಯಕ್ ದೊಡ್ಡ ಹಾರ ಹಿಡಿದು ಬಂದ. ಗೋಡೆಗೆ ಒರಗಿಸಿ, ತಲೆ ವಾಲದಂತೆ ಹಣೆಗೆ ಸುತ್ತಿದ ಬಟ್ಟೆಯನ್ನು ಗೋಡೆಯ ಮೊಳೆಗೆ ಕಟ್ಟಿ ಕೂಡಿಸಿದ್ದ ಮುತ್ತಣ್ಣನಿಗೆ ಹಾರ ಹಾಕಿ, ಕೈಮುಗಿದು, ಬಸಲಿಂಗನನ್ನು ನೀರಿನ ಡ್ರಮ್ಮಿನ ಹತ್ತಿರ ಕರೆದ.

"ತುಂಬಾ ಬೇಜಾರಾಯ್ತು ಕಣ್ರೀ. ಒಂದ್ ದಿನ ಲೇಟಾಗಿ ಬಂದೋರಲ್ಲ."

"ಅವ ಕುಡೀತಿದ್ದಿಲ್ರಿ ಸರ್. ಅದು ಸ್ಪಿರಿಟ್ ವಾಸನಿ."

"ನಂಗೂ ಗೊತ್ತು ರೀ. ಆದ್ರೆ ಕುಡಿದಿರ್ಲಿಲ್ಲ ಅಂದ್ರೆ ಅಷ್ಟು ದೊಡ್ಡ ಹಾರ್ನ್ ಯಾಕೆ ಕೇಳಿಸ್ಲಿಲ್ಲ? ಕಿವಿ ಸರಿ ಇರ್ಲಿಲ್ಲ ಅಂತ ಹೇಳೋಣ ಅಂದ್ರೆ, ಹೋದ್ ವರ್ಷದ ಟೆಸ್ಟ್ ರಿಪೋರ್ಟ್ ನನ್ ಹತ್ರಾನೇ ಇದೆ. ಪಕ್ಕಾ ನಾರ್ಮಲ್." ವಿನಾಯಕ್ ವಾಚು ನೋಡಿಕೊಂಡ. "ಸೋಮವಾರದಿಂದ ಆ ಮಷೀನ್ ನೀವೇ ನೋಡ್ಕೊಳ್ಳಿ. ಪರ್ಮನೆಂಟ್ ಲಿಸ್ಟಲ್ಲಿ ನಿಮ್ ಹೆಸರು ಹಾಕಿದೀನಿ."

ಬಾಗಿಲಿನಿಂದ ಮಹಾದೇವಿ ಬಸಲಿಂಗನನ್ನೇ ನೋಡುತ್ತಿದ್ದಳು. ಅವನು ಅತ್ತ ಬೆನ್ನು ಮಾಡಿ ನಿಂತ. "ಹೂಂ ಸರ್," ಎಂದ.

*

ಆ ರಿಪೋರ್ಟಿನಲ್ಲಿದ್ದದ್ದು ಬಸಲಿಂಗನ ಕಿವಿ.

ಹೋದ ವರ್ಷ ಕಿವಿ ಪರೀಕ್ಷೆಯ ವ್ಯಾನು ಕಂಪನಿಯ ಅಂಗಳಕ್ಕೆ ಬಂದಾಗ ಮುತ್ತಣ್ಣನ ಮುಖ ಬಿಳುಚಿತ್ತು. ಅದರ ಹಿಂದಿನ ವರ್ಷ ಬಾಯ್ಲರಿನವರಿಗಷ್ಟೇ ಪರೀಕ್ಷೆಯಿದ್ದಾಗ ರಾಮಯ್ಯ ಅದೇ ವ್ಯಾನಿನೊಳಗೆ ಹೋಗಿ, ಸದ್ದು ಕೇಳಿಸದೆ ಗುಂಡಿ ಒತ್ತದೆ ಕೂತು, ಒಂದು ವಾರದಲ್ಲಿ ಕೆಲಸ ಕಳೆದುಕೊಂಡಿದ್ದ. ಈಗ ಬಸ್‌ಸ್ಟಾಂಡಿನಲ್ಲಿ ಸೌತೆಕಾಯಿ ಮಾರುತ್ತಾನೆ.

"ನನ್ನ ಹೆಸರ ಮ್ಯಾಲ ನೀ ಕೂಡೋ ಬಸ್ಯಾ," ಎಂದು ಮುತ್ತಣ್ಣ ಕೈ ಹಿಡಿದ. "ಭಾಗಿ ಈ ವರ್ಷ ಸಾಲ್ಯಾಗ ನಾಕನೇತ್ತಾ."

ಟೋಪಿ, ಮುಖಕ್ಕೆ ಮಾಸ್ಕು, ಮೇಲೆ ಬಿಳಿ ಏಪ್ರನ್ನು ಹಾಕಿಕೊಂಡರೆ ಆ ಕಂಪನಿಯಲ್ಲಿ ಹೆತ್ತ ತಾಯಿಗೂ ಮಗನ ಗುರುತು ಸಿಗದು. ಗುರುತೇನಿದ್ದರೂ ಎದೆಯ ಮೇಲಿನ ಬಿಲ್ಲೆ. ಪುಡಿ ತುಂಬುವ ವಿಭಾಗದ ಬಸಲಿಂಗ ಬೆಳಿಗ್ಗೆ ತನ್ನ ಬಿಲ್ಲೆ ಹಾಕಿಕೊಂಡು ಒಮ್ಮೆ ಹೋದ, ಊಟವಾದ ಮೇಲೆ ಮುತ್ತಣ್ಣನ ಬಿಲ್ಲೆ ಹಾಕಿಕೊಂಡು ಇನ್ನೊಮ್ಮೆ ಹೋದ. ಎರಡನೇ ಸಲ ಹುಮ್ಮಸ್ಸಿನಿಂದ ಒಂದೂ ಬಿಡದೆ ಗುಂಡಿ ಒತ್ತಿದ. "ಎಳೇ ಮಗು ಕಿವಿ ಕಣ್ರೀ ನಿಮ್ದು," ಎಂದಳು ವ್ಯಾನಿನ ಹುಡುಗಿ. ಸಂಜೆ ಮುತ್ತಣ್ಣ ಮಿರ್ಚಿ ಕೊಡಿಸಿದ. ಇಬ್ಬರೂ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ಉಪಕಾರ ಮಾಡಿದೆನೆಂದೇ ಬಸಲಿಂಗ ತಿಳಿದಿದ್ದ. ವ್ಯಾನಿನವರು ಆ ವರ್ಷ ನಿಜ ಕಂಡುಹಿಡಿದಿದ್ದರೆ ಮುತ್ತಣ್ಣ ಇವತ್ತು ರಾಮಯ್ಯನ ಪಕ್ಕ ಸೌತೆಕಾಯಿ ಮಾರುತ್ತಿದ್ದ, ಜೀವದಿಂದಿರುತ್ತಿದ್ದ. ಈ ಲೆಕ್ಕ ಅವನಿಗೆ ಹೊಳೆದದ್ದು ಮೊನ್ನೆ, ಶವಾಗಾರದ ಬಾಗಿಲಲ್ಲಿ ಕಾಯುವಾಗ.

*

ಕುಣಿಯೊಳಗೆ ಇಳಿದು ಬಸಲಿಂಗನೇ ಮುತ್ತಣ್ಣನನ್ನು ಕೂಡಿಸಿದ. ಹಣೆಯ ಬಟ್ಟೆ ಬಿಚ್ಚಿದ್ದರಿಂದ ತಲೆ ನಿಲ್ಲುತ್ತಿರಲಿಲ್ಲ, ಗಲ್ಲದ ಕೆಳಗೆ ಕೈಕೊಟ್ಟು ಹಿಡಿದ. ಜಿಗಣಿಯಿಂದ ಕರೆಸಿದ್ದ ಅಯ್ಯನವರು ವಿಭೂತಿ ಹಚ್ಚಿ, ಪತ್ರೆ ಏರಿಸಿ, ಅಂಚಿನಿಂದ ಬಗ್ಗಿ ಸತ್ತವನ ಬಲಗಿವಿಯಲ್ಲಿ ಮೆಲ್ಲಗೆ ಮಂತ್ರ ಹೇಳತೊಡಗಿದರು.

"ಅಯ್ಯಾರ, ಜೋರಾಗಿ ಹೇಳ್ರಿ," ಎಂದಳು ಮಹಾದೇವಿ. "ಅವರಿಗೆ ಸಣ್ಣ ದನಿ ಕೇಳಂಗಿಲ್ಲ."

ಅಯ್ಯನವರು ತಬ್ಬಿಬ್ಬಾಗಿ ತಲೆಯೆತ್ತಿದರು. ವೆಂಕಟೇಶಪ್ಪ ಮುಂದೆ ಬಂದ. "ಏನಮ್ಮಾ, ನಿನ್ ಗಂಡಂಗೆ ಕಿವಿ ಕೇಳ್ತಿರ್ಲಿಲ್ವಾ?"

"ನಾಕು ವರ್ಷ ಆತ್ರಿ. ಆ ಮಷೀನ ತಿಂದೈತಿ. ಟ್ಯಾಂಕರಿನ ಹಾರ್ನ್ ಕೇಳಿಲ್ಲ, ಅಷ್ಟ. ಕುಡದಿದ್ದಿಲ್ರಿ ಅವ್ರು. ಬೇಕಾದ್ರ ಬಸಣ್ಣನ್ನ ಕೇಳ್ರಿ."

ಎಲ್ಲರ ಕಣ್ಣು ಕುಣಿಯೊಳಕ್ಕೆ ತಿರುಗಿತು.

"ಹೌದೇನ್ರೀ ಬಸಲಿಂಗ?" ಎಂದ ವಿನಾಯಕ್. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಬಸಲಿಂಗನಿಗೆ ಸುಲಭವಾಗುತ್ತಿತ್ತೇನೋ.

ಹೌದೆಂದರೆ ಮುಂದಿನ ಪ್ರಶ್ನೆ, ಆ ರಿಪೋರ್ಟು ಯಾರದು? ಊರಿಂದ ಕರೆಸಿಕೊಂಡ ಹೆಂಡತಿ, ಇಲ್ಲಿಯ ಸ್ಕೂಲಿಗೆ ಹಾಕಿದ ಎರಡು ಮಕ್ಕಳು, ಸೌತೆಕಾಯಿ ಬುಟ್ಟಿ, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು. ಅಂಗೈಯ ಮೇಲೆ ಮುತ್ತಣ್ಣನ ಗಲ್ಲ ತಣ್ಣಗೆ ಭಾರವಾಗಿತ್ತು.

"ಕೇಳ್ತಿತ್ತ್ರಿ ಸರ್," ಎಂದ ಬಸಲಿಂಗ. "ಚೊಲೊ ಕೇಳ್ತಿತ್ತು."

ಮೆಲ್ಲಗೇ ಹೇಳಿದ್ದ. ಆದರೆ ಮಹಾದೇವಿಯ ಕಿವಿ ಚುರುಕು, ಗಂಡನ ಪಾಲಿನದನ್ನೂ ಇಷ್ಟು ವರ್ಷ ಅವಳೇ ಕೇಳಬೇಕಾಗಿತ್ತಲ್ಲ. ವೆಂಕಟೇಶಪ್ಪ, "ಅಂಗಾದ್ರೆ ಇನ್ನೇನೈತೆ," ಎಂದು ಹೆಗಲ ಮೇಲಿನ ಟವೆಲ್ ಕೊಡವಿ ಹಿಂದೆ ಸರಿದ. ವಿನಾಯಕ್ ಮೊಬೈಲ್ ತೆಗೆದ.

"ಅಯ್ಯಾರ, ನೀವು ಹೇಳ್ರಿ," ಎಂದಳು ಮಹಾದೇವಿ.

ಅಯ್ಯನವರು ಎರಡೂ ಕೈಯನ್ನು ಬಾಯಿಗೆ ಹಿಡಿದು ಕೂಗಿದರು. "ಓಂ ನಮಃ ಶಿವಾಯ!" ಮೂರನೇ ಸಲಕ್ಕೆ ಪಕ್ಕದ ಫ್ಯಾಕ್ಟರಿಯ ಕಾಂಪೌಂಡಿನ ಮೇಲಿಂದ ಚಹಾ ಕುಡಿಯುತ್ತಿದ್ದ ಇಬ್ಬರು ಇಣುಕಿದರು. ಮಹಾದೇವಿ ಕುಣಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು, ಕತ್ತು ಚಾಚಿ, ಮಾತು ಮುಟ್ಟಿತೋ ಇಲ್ಲವೋ ಎಂದು ಗಂಡನ ಮುಖವನ್ನೇ ನೋಡುತ್ತಿದ್ದಳು.

ಮಣ್ಣು ಹಾಕಲು ಹೊತ್ತಾಯಿತೆಂದು ಯಾರೋ ಬಸಲಿಂಗನನ್ನು ಮೇಲಕ್ಕೆ ಕರೆದರು. ಅವನು ಕೈ ತೆಗೆದ. ಮುತ್ತಣ್ಣನ ತಲೆ, ಎಲ್ಲವನ್ನೂ ಕೇಳಿಸಿಕೊಂಡು ಹೂಂಗುಟ್ಟಿದವನ ಹಾಗೆ, ಎದೆಯ ಮೇಲೆ ಬಾಗಿತು.