ಮಫ್ಲರಿನೊಳಗಿನ ಯಜಮಾನರು

ಸಮಸ್ತ ಮಹಾಜನರಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ರಾವಂದೂರು ಹೋಬಳಿಯ ನಮ್ಮೂರ ಯಜಮಾನ ಸಿದ್ದಮಲ್ಲಪ್ಪನವರು ಮಂಗಳವಾರ ಮಧ್ಯಾಹ್ನ, ಉರಿಬಿಸಿಲಿನಲ್ಲಿ, ಉಣ್ಣೆಯ ಮಫ್ಲರ್ ಸುತ್ತಿಕೊಂಡರು.

ಕಾರಣ ಗಂಭೀರ. ಊರ ಜಗಳವನ್ನೆಲ್ಲ ತೀರ್ಮಾನಿಸುವ ಯಜಮಾನರಿಗೆ ಕೆಲವು ತಿಂಗಳಿಂದ ಸುಮ್ಮಸುಮ್ಮನೆ ಎದೆ ಢವಗುಟ್ಟಿ, ಕೈ ನಡುಗಿ, ಪ್ರಾಣವೇ ಹೋದಂತಾಗುತ್ತಿತ್ತು. ಪಿರಿಯಾಪಟ್ಟಣದ ಡಾಕ್ಟರು ಇಸಿಜಿ ತೆಗೆದು ಹೇಳಿದ್ದರು: "ಎದೆ ಗಟ್ಟಿಮುಟ್ಟಾಗಿದೆ. ಗಲಾಟೆ ಮೆದುಳಿಂದು. ಕಾಡಂಚಲ್ಲಿ ಆನೆ ಬಂದ್ರೆ ತಗಡು ಬಡಿಯೋ ಕಾವಲುಗಾರ ಇರ್ತಾನಲ್ಲ, ಅಂಥವನೊಬ್ಬ ತಲೆಯೊಳಗೂ ಇದಾನೆ. ವರ್ಷಗಟ್ಟಲೆ ಊರ ಚಿಂತೆ ಹೊತ್ತು ನಿಮ್ಮವನು ಸುಸ್ತಾಗಿದಾನೆ. ಇಲಿ ಓಡಿದ್ರೂ ತಗಡು ಬಡೀತಾನೆ. ಔಷಧಿಯಿದೆ, ಮನೋವೈದ್ಯರನ್ನ ನೋಡಿ."

ಮನೋವೈದ್ಯರು! ಊರಿಗೇ ತಲೆಯಾಳಾದವನ ತಲೆಗೊಬ್ಬ ಆಳು ಬೇಕೆಂದು ಗೊತ್ತಾದರೆ ನ್ಯಾಯ ಕೇಳಲು ಯಾರು ಬಂದಾರು?

"ನಾಚ್ಕೆ ಯಾಕ್ರೀ? ಸಕ್ರೆ ಕಾಯ್ಲೆ ಇದ್ದಂಗೆ ಇದೂವೆ," ಎಂದರು ಹೆಂಡತಿ ಪ್ರೇಮಮ್ಮ.

"ಸುಮ್ಕಿರಮ್ಮಿ! ಸಕ್ರೆ ಬಂದೋನ್ಗೆ ಯಾರೂ ಹುಚ್ಚ ಅನ್ನಕಿಲ್ಲ."

ಹಾಗಾಗಿ ಮಹಾಯೋಜನೆ. ಊರಿಗೆ ಹೇಳಿದ್ದು ಎತ್ತು ನೋಡುವ ನೆಪ. ಹೊರಟಿದ್ದು ಗುರುತಿನವರಿಲ್ಲದ ಕೆ.ಆರ್.ನಗರಕ್ಕೆ, ಸಂಜೆ ಮಾತ್ರ ಮನೋವೈದ್ಯರು ಬರುವ ಖಾಸಗಿ ಆಸ್ಪತ್ರೆಗೆ. ಕೌಂಟರಿನ ತನಕ ಎಲ್ಲ ಸಲೀಸು.

"ಚೀಟಿ ಮಾಡೋಕೆ ಆಧಾರ್ ನಂಬರ್ ಹಾಕಿದೀನಿ. ಒಟಿಪಿ ಬಂತಾ ಅಣ್ಣ?" ಎಂದಳು ಕೌಂಟರಿನ ಪುಷ್ಪಾ.

ಇವರ ಫೋನಿಗೆ ಬರಲಿಲ್ಲ. ಆಧಾರ್ ಮಾಡಿಸಿದ ಕಾಲಕ್ಕೆ ಮೊಬೈಲಿಲ್ಲದ ನಮ್ಮೂರ ಅರ್ಧ ಜನ ಕೊಟ್ಟಿದ್ದು ಹಾಲಿನ ಡೇರಿ ಕಾರ್ಯದರ್ಶಿ ಗೌರೀಶನ ನಂಬರು. ಬದಲಾಯಿಸುವ ಗೋಜಿಗೆ ಯಾರೂ ಹೋಗಿಲ್ಲ. ಯಾರ ಒಟಿಪಿ ಬಂದರೂ ಗೌರೀಶ ಡೇರಿಯ ಮೈಕಿನಲ್ಲಿ ಕೂಗುವುದು, ಅವರು ಓಡಿಬರುವುದು ವಾಡಿಕೆ.

ಯಜಮಾನರು ಫೋನ್ ಮಾಡಿದರು. "ಗೌರೀಶ, ನನ್ದೊಂದು ಒಟಿಪಿ..."

"ಬಂದದೆ ಯಜಮಾನ್ರೇ! ನೀವ್ ಎತ್ತು ನೋಡ್ಕಂಡು ಊರಿಗೆ ಬಂದಿದ್ದೀರಿ ಅನ್ಕಂಡು ಮೈಕಲ್ಲಿ ಕೂಗ್ಬುಟ್ಟೆ. 'ಸಿದ್ದಮಲ್ಲಪ್ಪ, ಮಾನಸಿಕ ರೋಗ ವಿಭಾಗ' ಅಂತ ಪೂರ್ತಿ ಓದ್ದೆ ಕಣ್ರೀ. ಕೇಳಿಸ್ನಿಲ್ವಾ? ಇನ್ನೊಂದ್ಸಲ ಕೂಗ್ಲಾ?"

"ಬ್ಯಾಡ ಕಣಪ್ಪಾ, ಬ್ಯಾಡ!"

ಮಫ್ಲರಿನೊಳಗೆ ಕಿವಿಗಳು ಬಿಸಿಯಾದವು. ಸಂಜೆ ಹಾಲಿಗೆ ಕ್ಯಾನು ಹಿಡಿದು ನಿಂತ ಇಡೀ ಸಾಲು ಕಣ್ಣಮುಂದೆ ಬಂತು. ಮೊನ್ನೆಯಷ್ಟೇ ನ್ಯಾಯಕ್ಕೆ ಬಂದು, ತಾವು ಬೈದು ಬುದ್ಧಿ ಹೇಳಿದ್ದ ಅಣ್ಣತಮ್ಮಂದಿರೂ ಅಲ್ಲೇ ಇದ್ದಿರಬೇಕು. ಗೌರೀಶ ನಿಧಾನವಾಗಿ ನಂಬರು ಹೇಳಿದ. ಕೇಳಿದರು. ಆದರೆ ಅದು ಅವರ ಬಾಯಿಂದ ಆಚೆ ಬರಲೊಲ್ಲದು.

ಪುಷ್ಪಾ ಕಾದಳು. ಹಿಂದಿನ ಸಾಲೂ ಕಾಯಿತು. ಕೊನೆಗೆ ಪರದೆ ನೋಡಿ ಹೇಳಿದಳು:

"ಟೈಮ್ ಮುಗ್ದೋಯ್ತು ಅಣ್ಣ, ಆ ಒಟಿಪಿ ಇನ್ನು ನಡೆಯಲ್ಲ. ಹೊಸದು ಕಳಿಸ್ಲಾ?"